ದಾನದ ನಂತರದ ಕರ್ತವ್ಯ

2006–07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿತು. ಇಂಡಿ ತಾಲ್ಲೂಕಿನ ಹೆಣ್ಣುಮಕ್ಕಳು ಗುಂಪಾಗಿ ಶಾಲೆಗೆ ಹೊರಟದ್ದನ್ನು ಕಂಡು ಹರ್ಷಿಸಿದ್ದೆ. ಜಾಲಿಮುಳ್ಳು ಚುಚ್ಚಿದ ಮೇಲೆ ಕೆಲವು ಸೈಕಲ್ಲುಗಳು ಗೋಡೆಗೊರಗಿ ತುಕ್ಕು ಹಿಡಿದುದನ್ನೂ ಕಂಡೆ.

ನನ್ನ ಅಂಗಡಿಯ ಹಿಂದೆಯೂ ಮೊಮ್ಮಗನ ಸೈಕಲ್ ಮೂರು ವರ್ಷ ಹಾಗೆಯೇ ಬಿದ್ದಿತ್ತು. “ಅಜ್ಜಾರ, ಇದನ್ನ ಯಾರೂ ಹೊಡ್ಯಾಂಗಿಲ್ಲೇನ್ರಿ?” ಎಂದು ನೆರೆಯ ಬಾಲಕಿ ಕೇಳಿದಳು. ಪರಿಗ್ರಹಪರಿಮಾಣ ವ್ರತದ ಕುರಿತು ಪ್ರವಚನ ಮಾಡುವ ನಾನು ನಿರುತ್ತರನಾದೆ.

ಮರುದಿನ ರಿಪೇರಿಯವರನ್ನು ಕರೆಸಿ, ಅವಳನ್ನೂ ಪಕ್ಕದಲ್ಲಿ ಕುಳ್ಳಿರಿಸಿದೆ. ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿ, ಗುಳ್ಳೆಯೇಳುವ ತಾಣವನ್ನು ಒರೆಸಿ, ಉಜ್ಜಿ, ಸೊಲ್ಯೂಷನ್ ಸವರಿ ತೇಪೆ ಹಚ್ಚಲು ಕಲಿತಳು. ಸೈಕಲ್ ಅವಳದಾಯಿತು, ಈಗ ಓಣಿಯ ಮಕ್ಕಳಿಗೂ ಕಲಿಸುತ್ತಾಳೆ.

ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಇದು ಶಾಸ್ತ್ರದಾನಕ್ಕೆ ಸಮೀಪವೆಂದು ನನ್ನ ಭಾವನೆ. ಬಸದಿಗಳ ಟ್ರಸ್ಟಿನವರು ತಿಂಗಳಿಗೊಂದು ಭಾನುವಾರ ಅಂಗಳದಲ್ಲಿ ಒಂದು ಪಂಪು, ನಾಲ್ಕು ಪಾನಾಗಳನ್ನಿಟ್ಟು ಊರಿನ ಮಕ್ಕಳನ್ನು ಕರೆಯಬಾರದೇಕೆ?