ಎಷ್ಟು ದೂರ, ಎಷ್ಟು ಹೊತ್ತು?

ನಮ್ಮ ಹಿರಿಯರಿಗೆ ದೂರವೂ ಹೊತ್ತೂ ಒಂದೇ ಆಗಿದ್ದುವು. ‘ಆ ಊರು ಎಷ್ಟು ದೂರ?’ ಎಂದರೆ, ‘ಬೆಳಿಗ್ಗೆ ಗಾಡಿ ಕಟ್ಟಿದರೆ ದೀಪ ಹಚ್ಚುವ ಹೊತ್ತಿಗೆ ಸೇರಬಹುದು’ ಎನ್ನುತ್ತಿದ್ದರು. ಹರದಾರಿ, ಗಾವುದಗಳೆಂಬ ಅಳತೆಗಳಿದ್ದುವು, ನಿಜ. ಅಳೆಯುತ್ತಿದ್ದುದು ಮಾತ್ರ ಕಾಲು. ವಿಮಾನ ಬಂದು ಈ ಜೋಡಿಯನ್ನು ಅಗಲಿಸಿತು.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಮಕ್ಕಳನ್ನು ಕ್ಯಾಲಿಫೋರ್ನಿಯಕ್ಕೆ ಕಳುಹಿಸಿ ಕುಳಿತ ನಮ್ಮ ಎಷ್ಟೋ ಮನೆಗಳಲ್ಲಿ ಇದು ಭೂಗೋಳದ ಪ್ರಶ್ನೆಯಲ್ಲ, ಸಂಸಾರದ ಪ್ರಶ್ನೆ. ಶಾಲೆಯ ಗೋಡೆಯ ಭೂಪಟವನ್ನು ನಂಬಿದರೆ ಸಾಗರದ ಮೇಲೆ ಅಡ್ಡಗೆರೆ ಎಳೆಯಬೇಕು. ಗೋಲದ ಮೇಲೆ ನೂಲು ಹಿಡಿದು ನೋಡಿ: ಅದು ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು, ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 14,000 ಕಿಲೋಮೀಟರು. ಉತ್ತರ ಧ್ರುವವನ್ನೇ ದಾಟಿ ಹೋದರೂ ಹೆಚ್ಚಾಗುವುದು 400 ಕಿಲೋಮೀಟರಿನಷ್ಟೇ!

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನವೊಂದು ಹಾಗೆಯೇ ಧ್ರುವದ ದಾರಿಯಲ್ಲಿ, ಎಲ್ಲಿಯೂ ಇಳಿಯದೆ ಬೆಂಗಳೂರಿಗೆ ಬಂತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಎಲ್ಲರೂ ಮಹಿಳೆಯರೇ. 9ರ ರಾತ್ರಿ ಹೊರಟದ್ದು 11ರ ಬೆಳಗಿನ ಜಾವಕ್ಕೆ ಇಳಿಯಿತು. ಹಾರಿದ್ದು ಸುಮಾರು 17 ಗಂಟೆ. ಚಳಿಗಾಲದ ಧ್ರುವದಲ್ಲಿ ಸೂರ್ಯನಿಲ್ಲ. ಮುಂದಿನ ನಾಡುಗಳಲ್ಲಿಯೂ ಆಗ ರಾತ್ರಿ. ಪಂಚಾಂಗದ ಒಂದು ಇಡೀ ಹಗಲನ್ನು ಆ ಪ್ರಯಾಣಿಕರು ಕಾಣಲೇ ಇಲ್ಲ.

ದೂರ ಗೊತ್ತಾದರೆ ಹೊತ್ತು ಗೊತ್ತಾಗುವುದೆಂದು ತಿಳಿಯಬೇಡಿ. ವಿಮಾನ ಹಾರುವ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಭೋರೆಂದು ಬೀಸುವುದುಂಟು. ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು 8 ಗಂಟೆಯಾದರೆ, ಹಿಂದಿರುಗಲು 7 ಸಾಕು. ಗೋಲದ ಮೇಲಿನ ನೂಲಿಗೆ ಗಾಳಿಯಿಲ್ಲ, ಬೆಟ್ಟವಿಲ್ಲ. ಟಿಬೆಟಿನ ಎತ್ತರದ ನಾಡನ್ನು ವಿಮಾನಗಳು ಸಾಮಾನ್ಯವಾಗಿ ಸುತ್ತಿಕೊಂಡೇ ಹೋಗುತ್ತವೆ.

ನನ್ನ ಅಕ್ಕನಿಗೆ ಈ ಲೆಕ್ಕವೊಂದೂ ಬೇಕಿಲ್ಲ. ಮಗ ಅಲ್ಲಿದ್ದಾನೆ. ಚಳಿಗಾಲದಲ್ಲಿ ನಮಗೂ ಅವರಿಗೂ ಹದಿಮೂರೂವರೆ ಗಂಟೆಯ ಅಂತರ, ಬೇಸಗೆಯಲ್ಲಿ ಹನ್ನೆರಡೂವರೆ. ಇವಳ ರಾತ್ರಿಯ ಊಟ ಮುಗಿಯುವ ಹೊತ್ತಿಗೆ ಅವನು ಏಳುತ್ತಾನೆ. ಕಣ್ಣಿಗೆ ನಿದ್ದೆ ಹತ್ತುವ ಮುನ್ನ ಅವನ ದನಿ ಕೇಳಬೇಕು. ಆ ಅರ್ಧ ಗಂಟೆಯೇ ಅವಳ ಪಾಲಿಗೆ ಅಮೆರಿಕದ ದೂರ.

ಭಾವ ತೀರಿಕೊಂಡಾಗ ದೇಹವನ್ನಿಟ್ಟುಕೊಂಡು ಅವನಿಗಾಗಿ ಕಾದೆವು. ಟಿಕೆಟ್ಟು ಹೊಂದಿಸಿ, ನಡುವೆ ವಿಮಾನ ಬದಲಿಸಿ, ಅವನು ಮನೆಯ ಮೆಟ್ಟಿಲು ಹತ್ತಿದ್ದು ಎರಡನೆಯ ದಿನ ಸಂಜೆ. ನನ್ನ ಕೈ ಹಿಡಿದುಕೊಂಡು, ‘ವಿಮಾನ ಒಂದು ನಿಮಿಷವೂ ತಡವಾಗಲಿಲ್ಲ, ಮಾವ’ ಎಂದ. ಏನು ಹೇಳಲಿ? ಅವನ ಮಾತು ನಿಜವಾಗಿತ್ತು. ತಂದೆಯ ಕೊನೆಯ ಮಾತಿಗೆ ಮಾತ್ರ ಅವನು ಎರಡು ದಿನ ತಡವಾಗಿದ್ದ.

ಹಾಗೆಂದು ವಿಮಾನವನ್ನು ಹಳಿಯಲಾರೆ. ಹಡಗಿನ ಕಾಲವಾಗಿದ್ದರೆ ಅವನು ವೈಕುಂಠ ಸಮಾರಾಧನೆಗೂ ಬರುತ್ತಿರಲಿಲ್ಲ. ಕ್ರಿಯೆಗಳೆಲ್ಲ ಮುಗಿದು ಅವನು ಹೊರಟು ನಿಂತ ದಿನ, ಬಾಗಿಲಲ್ಲಿ ಎಲ್ಲರೂ ಹೇಳುವಂತೆ ‘ಹೋಗಿ ಬರ್ತೀನಿ, ಅಮ್ಮ’ ಎಂದ. ಬರಿಯ ‘ಹೋಗ್ತೀನಿ’ ಎನ್ನುವುದು ನಮ್ಮಲ್ಲಿ ಅಶುಭ. ನಮ್ಮ ಭಾಷೆ ದೂರವನ್ನು ಎಣಿಸುವಾಗ ಹಿಂದಿರುಗುವ ದಾರಿಯನ್ನೂ ಸೇರಿಸಿಕೊಳ್ಳುತ್ತದೆ. ಅಕ್ಕ ಈಗ ಎಣಿಸುತ್ತಿರುವುದು ಆ ಅರ್ಧವನ್ನು.