ಅತಿಥಿಯ ಹತ್ತಿರಕ್ಕೊಂದು ಟೀಪಾಯಿ

ಮದ್ರಸದಲ್ಲಿ ಓದಿದವರಿಗೆಲ್ಲ ತಿಪಾಯಿ ಪರಿಚಿತವಾದ ವಸ್ತು. ನೆಲದ ಮೇಲೆ ಕುಳಿತ ವಿದ್ಯಾರ್ಥಿಗಳ ಮುಂದೆ ಸಾಲಾಗಿ ಇಟ್ಟಿರುವ ಗಿಡ್ಡ ಮೇಜು ಅದು. ಅದರ ಮೇಲೆ ಪವಿತ್ರ ಕುರ್‌ಆನ್ ಇರುತ್ತದೆ, ಹದೀಸ್ ಗ್ರಂಥವಿರುತ್ತದೆ, ಅರಬಿ ವ್ಯಾಕರಣದ ಪುಸ್ತಕವಿರುತ್ತದೆ. ಹಿಂದುಸ್ತಾನಿಯಲ್ಲಿ ತಿಪಾಯಿ ಎಂದರೆ ಮೂರು ಕಾಲಿನದು ಎಂದರ್ಥ. ಇದೇ ಪದವನ್ನು ಆಂಗ್ಲರು ‘ಟೀಪಾಯ್’ ಎಂದು ಮಾಡಿಕೊಂಡರು. ಮೂಲದಲ್ಲಿ ಚಹಾಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಉಚ್ಚಾರದ ಹೋಲಿಕೆಯಿಂದ ಚಹಾ ಬಂದು ಅದರ ಮೇಲೆ ಕುಳಿತಿತು. ಆಮೇಲೆ ಕನ್ನಡಿಗರೂ ‘ಟೀಪಾಯಿ’ ಎಂದರು. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಊಟದ ತಟ್ಟೆಯನ್ನು ಇಡುವ ಅಡ್ಡಣಿಗೆಯೂ ಮೂರು ಕಾಲಿನದೇ. ಮದ್ರಸದ ತಿಪಾಯಿ ಪುಸ್ತಕವನ್ನು ಓದುವವನ ಹತ್ತಿರಕ್ಕೆ ತಂದರೆ, ಅಡ್ಡಣಿಗೆಯು ಅನ್ನವನ್ನು ಉಣ್ಣುವವನ ಹತ್ತಿರಕ್ಕೆ ತರುತ್ತದೆ. ಹತ್ತಿರಕ್ಕೆ ತರುವುದೇ ಇವೆರಡರ ಕೆಲಸ.

ಈ ಸಾಧಾರಣ ವಸ್ತುವಿನ ಬಗ್ಗೆ ನಾನು ಯೋಚಿಸಬೇಕಾಗಿ ಬಂದದ್ದು ಕಳೆದ ವರ್ಷ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮಗನು ವಿಜಯಪುರದ ನಮ್ಮ ಹಿರಿಯರ ಮನೆಯ ಮೇಲೆ ಹೊಸದೊಂದು ಮಾಳಿಗೆಯನ್ನು ಕಟ್ಟಿಸಿದನು. ಅದನ್ನು ಅವನು ‘ಲಾಫ್ಟ್’ ಎಂದು ಕರೆಯುತ್ತಾನೆ. ನಮಗೆ ಲಾಫ್ಟ್ ಎಂದರೆ ಹಳೆಯ ಪಾತ್ರೆ, ಹಾಸಿಗೆಗಳನ್ನು ಎತ್ತಿಡುವ ಸಜ್ಜೆ. ಅವನ ಲಾಫ್ಟ್ ಹಾಗಲ್ಲ. ಎತ್ತರದ ಛಾವಣಿ, ದೊಡ್ಡ ಕಿಟಕಿಗಳು, ಒಳಗೋಡೆಗಳಿಲ್ಲದ ಒಂದೇ ವಿಶಾಲ ಕೋಣೆ. ಅಲ್ಲಿಯೇ ಕೂರುವುದು, ಅಲ್ಲಿಯೇ ಉಣ್ಣುವುದು, ಅಲ್ಲಿಯೇ ಓದುವುದು. ಸೋಫಾ ಬಂದಾಗಿತ್ತು. ಅದರ ಮುಂದಿನ ಟೀಪಾಯಿಯೊಂದು ಉಳಿದಿತ್ತು. “ಚಾಚಾ, ನೀವೇ ಒಂದನ್ನು ಆರಿಸಿಕೊಡಿ, ದಾದಿಗೂ ಒಪ್ಪಿಗೆಯಾಗಬೇಕು” ಎಂದು ಅವನು ಮೊಬೈಲಿನಲ್ಲಿ ಹತ್ತಾರು ಚಿತ್ರಗಳನ್ನು ತೋರಿಸಿದನು. ಗಾಜಿನದು, ಅಮೃತಶಿಲೆಯದು, ಕಬ್ಬಿಣದ ಕಾಲಿನದು, ದುಂಡಗಿನದು. ಎಲ್ಲವೂ ಅಂದವಾಗಿಯೇ ಇದ್ದವು. ಆದರೆ ಆ ಚಿತ್ರಗಳಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ಯಾವ ಚಿತ್ರದಲ್ಲಿಯೂ ಒಬ್ಬ ಮನುಷ್ಯನೂ ಇರಲಿಲ್ಲ.

ನಮ್ಮ ಮನೆಯಲ್ಲಿಯಾದರೋ ಮನುಷ್ಯರಿಗೆ ಕೊರತೆಯಿಲ್ಲ. ತಿಕೋಟಾದಿಂದ ಬಂಧುಗಳು ಆಸ್ಪತ್ರೆಯ ಕೆಲಸಕ್ಕೆ ಬರುತ್ತಾರೆ. ಬಬಲೇಶ್ವರದಲ್ಲಿರುವ ಅಕ್ಕನ ಮನೆಯವರು ಸಂತೆಗೆ, ಕಚೇರಿಗೆ, ಮದುವೆಯ ಬಟ್ಟೆಗೆ ಬರುತ್ತಾರೆ. ನಮ್ಮ ದಿವಂಗತ ತಂದೆಯವರ ಗೆಳೆಯರಾದ ಗೌಡರು ದ್ರಾಕ್ಷಿಯ ಕಾಲದಲ್ಲಿ ಒಣದ್ರಾಕ್ಷಿಯ ಚೀಲವನ್ನು ಹಿಡಿದು ತಪ್ಪದೆ ಬರುತ್ತಾರೆ. ಎರಿಭೂಮಿಯ ಮಣ್ಣು ಮೆತ್ತಿದ ಕಾಲುಗಳು ಈ ಮೆಟ್ಟಿಲನ್ನು ಹತ್ತುತ್ತವೆ. ಆದುದರಿಂದ ಯಾವ ಟೀಪಾಯಿ ಚೆಂದ ಎಂಬುದಕ್ಕಿಂತ ಮೊದಲು, ಅದರ ಸುತ್ತ ಯಾರು ಕೂರುತ್ತಾರೆ ಎಂಬುದನ್ನು ಕೇಳಿಕೊಳ್ಳುವುದು ಒಳ್ಳೆಯದೆಂದು ನಾನು ಅವನಿಗೆ ಹೇಳಿದೆನು.

ಈ ಸಂದರ್ಭದಲ್ಲಿ ನಮ್ಮ ಕುಟುಂಬದ ಹಿರಿಯರೊಬ್ಬರು ಒಂದು ಆಕ್ಷೇಪವನ್ನು ಎತ್ತಿದರು. ನೆಲದ ಮೇಲೆ ದಸ್ತರ್‌ಖಾನ್ ಹಾಸಿ ಉಣ್ಣುವುದು ಸುನ್ನತ್. ಮೇಜೇಕೆ ಬೇಕು ಎಂಬುದು ಅವರ ಮಾತು. ಇದು ಗೌರವದಿಂದ ಉತ್ತರಿಸಬೇಕಾದ ಪ್ರಶ್ನೆ. ಪ್ರವಾದಿ(ಸ)ರು ಎತ್ತರದ ಮೇಜಿನ ಮೇಲೆ ಊಟ ಮಾಡಲಿಲ್ಲ, ನೆಲದ ಮೇಲೆ ಹಾಸಿದ ಸುಫ್ರಾದ ಮೇಲೆ ಉಣ್ಣುತ್ತಿದ್ದರು ಎಂಬ ಹ. ಅನಸ್(ರ)ರ ವರದಿ ಬುಖಾರಿಯಲ್ಲಿದೆ. ಅದು ಅವರ ಸರಳ ಜೀವನದ ಚಿತ್ರ. ಆದರೆ ಅದರಿಂದ ಮೇಜು ನಿಷಿದ್ಧವೆಂದು ವಿದ್ವಾಂಸರು ತೀರ್ಮಾನಿಸಲಿಲ್ಲ. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ)ಯವರು ‘ಇಹ್ಯಾ ಉಲೂಮಿದ್ದೀನ್’ ಗ್ರಂಥದ ಭೋಜನದ ಶಿಷ್ಟಾಚಾರದ ಅಧ್ಯಾಯದಲ್ಲಿ ಈ ವಿಷಯವನ್ನೇ ಚರ್ಚಿಸಿದ್ದಾರೆ. ಪ್ರವಾದಿ(ಸ)ರ ನಂತರ ಬಂದ ನಾಲ್ಕು ಹೊಸ ಸಂಗತಿಗಳೆಂದು ಹೇಳಲಾಗುವ ಮೇಜು, ಜರಡಿ, ಕೈತೊಳೆಯುವ ಕ್ಷಾರ ಮತ್ತು ಹೊಟ್ಟೆ ತುಂಬ ಉಣ್ಣುವಿಕೆ ಇವುಗಳನ್ನು ಅವರು ಹೆಸರಿಸುತ್ತಾರೆ. ಸುಫ್ರಾದ ಮೇಲೆ ಉಣ್ಣುವುದೇ ಹೆಚ್ಚು ಉತ್ತಮವೆಂದು ಒಪ್ಪುತ್ತಲೇ, ಮೇಜು ಆಹಾರವನ್ನು ನೆಲದಿಂದ ಎತ್ತರಿಸಿ ಉಣ್ಣುವುದನ್ನು ಸುಲಭಗೊಳಿಸುತ್ತದೆ ಅಷ್ಟೆ, ಅದರಲ್ಲಿ ದೋಷವಿಲ್ಲ ಎಂದು ವಿವರಿಸುತ್ತಾರೆ. ಆ ನಾಲ್ಕರಲ್ಲಿ ಅವರಿಗೆ ಅತ್ಯಂತ ಗಂಭೀರವಾಗಿ ಕಂಡದ್ದು ಮೇಜಲ್ಲ, ಹೊಟ್ಟೆ ಬಿರಿಯೆ ಉಣ್ಣುವುದು. ಮರದ ವಸ್ತುವನ್ನು ದೂಷಿಸುವ ಮೊದಲು ನಮ್ಮ ಹಸಿವನ್ನು ನೋಡಿಕೊಳ್ಳಬೇಕೆಂಬ ಪಾಠ ಅದರಲ್ಲಿದೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಇನ್ನೂ ಒಂದು ಮುಖವಿತ್ತು. ನಮ್ಮ ಅಮ್ಮಿಯ ಮೊಣಕಾಲುಗಳು ಸವೆದಿವೆ. ನಾಲ್ಕು ವರ್ಷಗಳಿಂದ ಅವರು ಕುರ್ಚಿಯ ಮೇಲೆಯೇ ನಮಾಜ್ ಮಾಡುತ್ತಾರೆ. ನಾವೆಲ್ಲರೂ ದಸ್ತರ್‌ಖಾನಿನ ಸುತ್ತ ಕೂತಾಗ ಅವರು ಮಾತ್ರ ಗೋಡೆಯ ಬದಿಯ ಕುರ್ಚಿಯಲ್ಲಿ, ಮಡಿಲಲ್ಲಿ ತಟ್ಟೆಯಿಟ್ಟುಕೊಂಡು ಉಣ್ಣುತ್ತಾರೆ. ಮೊಮ್ಮಕ್ಕಳಿಗೆ ತುತ್ತು ಹಾಕಿ ಬೆಳೆಸಿದ ಕೈ ಈಗ ಅವರ ತಟ್ಟೆಯನ್ನು ಮುಟ್ಟದು. ಅವರು ಎಂದೂ ದೂರಿಲ್ಲ. ಆದರೂ ಒಂದೇ ಕೋಣೆಯಲ್ಲಿದ್ದೂ ಊಟದಿಂದ ಹೊರಗುಳಿದವರಂತೆ ಅವರು ಕಾಣುತ್ತಿದ್ದರು. ಸೋಫಾದಲ್ಲಿ ಕೂತ ಅಮ್ಮಿ ಮತ್ತು ನೆಲದಲ್ಲಿ ಕೂತ ಮಕ್ಕಳು ಒಂದೇ ಪಾತ್ರೆಗೆ ಕೈ ಚಾಚಬಲ್ಲಂತಹ ಎತ್ತರ ಯಾವುದು? ಟೀಪಾಯಿಯ ಆಯ್ಕೆ ನನಗೆ ಈ ಪ್ರಶ್ನೆಯ ರೂಪದಲ್ಲಿ ಎದುರಾಯಿತು.

ಪವಿತ್ರ ಕುರ್‌ಆನಿನ ಅಝ್ಝಾರಿಯಾತ್ ಅಧ್ಯಾಯದಲ್ಲಿ ಪ್ರವಾದಿ ಇಬ್ರಾಹೀಮ್(ಅ)ರ ಅತಿಥಿಗಳ ವೃತ್ತಾಂತವಿದೆ. ಅಪರಿಚಿತರು ಮನೆಗೆ ಬಂದರು. ಇಬ್ರಾಹೀಮ್(ಅ)ರು ಸದ್ದಿಲ್ಲದೆ ಮನೆಯವರ ಬಳಿಗೆ ಹೋಗಿ, ಕೊಬ್ಬಿದ ಕರುವಿನ ಭೋಜನವನ್ನು ತಂದರು. ತಂದು ಅತಿಥಿಗಳ ಹತ್ತಿರಕ್ಕೆ ಇಟ್ಟರು. ಈ ‘ಹತ್ತಿರಕ್ಕೆ ಇಡುವ’ ಮಾತಿನಲ್ಲಿ ವ್ಯಾಖ್ಯಾನಕಾರರು ಒಂದು ಶಿಷ್ಟಾಚಾರವನ್ನು ಕಂಡಿದ್ದಾರೆ. ಅನ್ನವಿದ್ದಲ್ಲಿಗೆ ಅತಿಥಿಯನ್ನು ಎಬ್ಬಿಸಿ ಕರೆಯದೆ, ಅತಿಥಿಯಿದ್ದಲ್ಲಿಗೆ ಅನ್ನವನ್ನು ಒಯ್ಯುವುದು ಗೌರವ. ಟೀಪಾಯಿಯ ಧರ್ಮವೂ ಇದೇ ಎಂದು ನನಗನಿಸುತ್ತದೆ.

ಆದರೆ ಟೀಪಾಯಿ ಇದ್ದ ಮಾತ್ರಕ್ಕೆ ಈ ಗೌರವ ಸಲ್ಲುತ್ತದೆಂದು ಹೇಳಲಾಗದು. ನಗರದ ಒಂದು ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಅಲ್ಲಿ ಕನ್ನಡಿಯಂತೆ ಹೊಳೆಯುವ ಗಾಜಿನ ಟೀಪಾಯಿ ಇತ್ತು. ಹಳ್ಳಿಯಿಂದ ಬಂದ ಹಿರಿಯರೊಬ್ಬರಿಗೆ ಚಹಾ ಕೊಟ್ಟರು. ಆ ಹಿರಿಯರು ಬಿಸಿ ಕಪ್ಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ, ಚಹಾ ಮುಗಿಯುವವರೆಗೂ ಅದನ್ನು ಕೆಳಗಿಡಲೇ ಇಲ್ಲ. ಗಾಜಿನ ಮೇಲೆ ಕಲೆಯಾದೀತೆಂಬ ಅಂಜಿಕೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು. ಮನೆಯವರು ಒಳ್ಳೆಯವರೇ, ಒಂದು ಕಟು ಮಾತನ್ನೂ ಆಡಿದವರಲ್ಲ. ಆದರೆ ಅವರ ಪರವಾಗಿ ಆ ಗಾಜೇ ಮಾತನಾಡಿತ್ತು. ಅತಿಥಿ ತನ್ನ ಕಪ್ಪನ್ನು ಇಡಲು ಹೆದರುವ ಮೇಜು ಎಷ್ಟು ಬೆಲೆಯದಾದರೂ ಅದು ತನ್ನ ಕೆಲಸದಲ್ಲಿ ಸೋತಂತೆಯೇ.

ಅಂಗಡಿಗೂ ನಾವು ಹೋದೆವು. ಅಲ್ಲಿ ಮೆಚ್ಚುಗೆಯಾದ ಟೀಪಾಯಿಯ ಬೆಲೆ ಹೆಚ್ಚಾಗಿತ್ತು. ಮಾರುವವನು “ಬಡ್ಡಿಯಿಲ್ಲದ ಕಂತು” ಎಂದು ಕಾಗದವೊಂದನ್ನು ಮುಂದಿಟ್ಟನು. ಓದಿ ನೋಡಿದಾಗ ಸಾಲ ಕೊಡುವವರು ಬೇರೊಂದು ಫೈನಾನ್ಸ್ ಕಂಪನಿಯವರಾಗಿದ್ದರು. ಕಂತು ತಡವಾದರೆ ಬಡ್ಡಿ ಸೇರುತ್ತದೆ ಎಂಬ ಷರತ್ತೂ ಅದರಲ್ಲಿತ್ತು. ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ಮಾರುವವನು ತನ್ನ ವಸ್ತುವಿಗೆ ಒಂದು ಬೆಲೆಯನ್ನು ಮೊದಲೇ ನಿಶ್ಚಯಿಸಿ, ಅದನ್ನು ಕಂತುಗಳಲ್ಲಿ ಪಡೆಯುವುದನ್ನು ಬಹುಪಾಲು ವಿದ್ವಾಂಸರು ವ್ಯಾಪಾರವೆಂದೇ ಒಪ್ಪಿದ್ದಾರೆ. ಸಾಲದ ಹಣಕ್ಕೆ ತಡವಾದಂತೆಲ್ಲ ಹಣವನ್ನು ಸೇರಿಸುತ್ತ ಹೋಗುವುದು ಬೇರೆಯೇ ಸಂಗತಿ. ಕೂತು ಚಹಾ ಕುಡಿಯುವ ಮೇಜಿಗಾಗಿ ಅಂತಹ ಕಾಗದಕ್ಕೆ ಸಹಿ ಹಾಕುವ ಅಗತ್ಯ ಯಾರಿಗೂ ಇಲ್ಲ. ನಾವು ಸಲಾಮ್ ಹೇಳಿ ಹೊರಬಂದೆವು.

ಕೊನೆಗೆ ಹೋದದ್ದು ತಿಕೋಟಾದ ಬಡಿಗರ ಬಳಿಗೆ. ನಮ್ಮ ಹೊಲದ ಬದುವಿನಲ್ಲಿ ಗಾಳಿಗೆ ಬಿದ್ದ ಬೇವಿನ ಮರವೊಂದರ ಹಲಗೆಗಳು ಎರಡು ವರ್ಷಗಳಿಂದ ನೆರಳಿನಲ್ಲಿ ಒಣಗುತ್ತಿದ್ದವು. ಅಂಗಡಿಯವನು ನಮ್ಮನ್ನು ಮೊದಲು ಕೇಳಿದ್ದು ಎಷ್ಟು ಹಣದೊಳಗೆ ಬೇಕು ಎಂದು. ಬಡಿಗರು ಕೇಳಿದ್ದೇ ಬೇರೆ: “ಮಾಸ್ತರ, ಮೊದ್ಲ ಮನ್ಯಾಗ ಸಣ್ಣ ಕೂಸು ಎಷ್ಟ ಅದಾವ ಹೇಳ್ರಿ.” ಮೂವರಿದ್ದಾರೆ ಎಂದೆನು. “ಹಂಗಾದ್ರ ಮೂಲಿ ಚೂಪ ಬಿಡಬಾರದು” ಎಂದು ಅವರು ಹಲಗೆಯ ನಾಲ್ಕೂ ಮೂಲೆಗಳ ಮೇಲೆ ಪೆನ್ಸಿಲಿನಿಂದ ದುಂಡಗೆ ಗುರುತು ಮಾಡಿದರು.

ಅವರಿಂದ ನಾನು ಕಲಿತದ್ದು ಬಹಳ. ಬೇವು ಕಹಿಯಾದುದರಿಂದ ಹುಳುಗಳ ಕಾಟ ಕಡಿಮೆ. ಆದರೆ ಹಸಿ ಮರವನ್ನು ಬಳಸಿದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ. ಪುಡಿಯನ್ನು ಒತ್ತಿ ಮಾಡಿದ ಹಲಗೆ ಹಗುರ ಬೆಲೆಗೆ ಸಿಗುತ್ತದೆ, ಆದರೆ ನೀರು ಕುಡಿದರೆ ಉಬ್ಬುತ್ತದೆ. ಗಾಜು ನಮ್ಮ ಊರಿನ ಧೂಳನ್ನು ಗಂಟೆಗೊಮ್ಮೆ ತೋರಿಸುತ್ತದೆ. ಶಹಾಬಾದ್ ಕಲ್ಲು ತಂಪು ಮತ್ತು ಗಟ್ಟಿ, ಆದರೆ ಇಟ್ಟ ಜಾಗದಿಂದ ಅಲುಗದು. ಗಟ್ಟಿಮರದ ಮೇಲೆ ಬಿಸಿ ಪಾತ್ರೆಯ ಕಲೆಯಾದರೆ ತಿಕ್ಕಿ ಮತ್ತೆ ಪಾಲಿಶ್ ಹಚ್ಚಿದರಾಯಿತು. ನಮ್ಮ ನಗರದ ಅಸಾರ್ ಮಹಲಿನಲ್ಲಿ 17ನೆಯ ಶತಮಾನದ ಎತ್ತರದ ಮರದ ಕಂಬಗಳನ್ನು ಕಂಡವರಿಗೆ, ಸರಿಯಾಗಿ ಒಣಗಿಸಿದ ಮರದ ಬಾಳಿಕೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ.

ಅಳತೆಯ ವಿಷಯದಲ್ಲಿ ಕೆಲವು ಸರಳ ನಿಯಮಗಳಿವೆ. ಟೀಪಾಯಿಯ ಎತ್ತರ ಸೋಫಾದ ಆಸನಕ್ಕೆ ಸಮನಾಗಿರಬೇಕು ಅಥವಾ 1–2 ಇಂಚು ಕಡಿಮೆಯಿರಬೇಕು. ಉದ್ದ ಸೋಫಾದ ಮೂರರಲ್ಲಿ ಎರಡು ಭಾಗದಷ್ಟಿದ್ದರೆ ಸಾಕು. ಸೋಫಾಕ್ಕೂ ಅದಕ್ಕೂ ನಡುವೆ 15ರಿಂದ 18 ಇಂಚು ಅಂತರವಿದ್ದರೆ ಕಾಲಿಗೂ ಅಡ್ಡಿಯಿಲ್ಲ, ಕೈಗೂ ದೂರವಿಲ್ಲ. ನಮ್ಮ ಸೋಫಾದ ಆಸನ 17 ಇಂಚಿನದು. ಆದ್ದರಿಂದ ಟೀಪಾಯಿಯನ್ನು 16 ಇಂಚಿಗೆ ನಿಲ್ಲಿಸಿದೆವು. ನೆಲದಲ್ಲಿ ಕೂರುವ ಮಕ್ಕಳಿಗೆ ಅದು ತುಸು ಎತ್ತರ. ಅಡಿಯಲ್ಲೊಂದು ದಿಂಬು ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ಅಳತೆಯನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ಕೂರುವ ಕೋಣೆಯೇ ನಮಾಜಿನ ಕೋಣೆಯೂ ಆಗುತ್ತದೆ. ರಮಝಾನಿನಲ್ಲಿ ಹೆಣ್ಣುಮಕ್ಕಳು ತರಾವೀಹ್‌ಗೆ ಅಲ್ಲಿಯೇ ಸಾಲು ನಿಲ್ಲುತ್ತಾರೆ. ಸುಜೂದ್ ಮಾಡಲು ಪ್ರತಿ ಸಾಲಿಗೆ ಸುಮಾರು 4 ಅಡಿ ಜಾಗ ಬೇಕು. ಕೋಣೆಯ ನಟ್ಟನಡುವೆ ಕಲ್ಲಿನ ಮೇಜು ನಿಂತರೆ ಸಾಲು ಎಲ್ಲಿ ನಿಲ್ಲಬೇಕು? ಆದುದರಿಂದ ಇಬ್ಬರು ಸೇರಿ ಎತ್ತಿ ಬದಿಗಿಡಬಲ್ಲ ಭಾರದ ಟೀಪಾಯಿಯೇ ನಮಗೆ ತಕ್ಕುದು. ಅಝಾನ್ ಕೇಳಿದಾಗ ಸರಿದು ದಾರಿ ಕೊಡುವ ಗುಣ ಮನೆಯ ಸಾಮಾನುಗಳಿಗೂ ಇರಬೇಕು.

ಹಾಗೆಂದು ಅಂದವನ್ನು ಬಯಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಅಣ್ಣನ ಮಗನ ಇಚ್ಛೆಯಂತೆ ಕಾಲುಗಳನ್ನು ತೆಳುವಾಗಿ, ಓರೆಯಾಗಿ ಮಾಡಿಸಿದೆವು. ಅವನ ಆಧುನಿಕ ಮಾಳಿಗೆಗೆ ಅದು ಚೆನ್ನಾಗಿಯೇ ಒಪ್ಪಿತು. ಖರ್ಚು ಮಾಡುವಾಗ ದುಂದೂ ಮಾಡದ, ಜಿಪುಣತನವನ್ನೂ ತೋರದ, ಇವೆರಡರ ನಡುವೆ ನಿಲ್ಲುವ ದಾಸರನ್ನು ಪವಿತ್ರ ಕುರ್‌ಆನ್ ಅಲ್‌ಫುರ್ಕಾನ್ ಅಧ್ಯಾಯದಲ್ಲಿ ಪ್ರಶಂಸಿಸಿದೆ. ಮನೆಯಲ್ಲಿ ಗಂಡನಿಗೊಂದು, ಹೆಂಡತಿಗೊಂದು, ಅತಿಥಿಗೊಂದು ಹಾಸಿಗೆಯಿರಲಿ, ನಾಲ್ಕನೆಯದು ಶೈತಾನನದು ಎಂಬ ಆಶಯದ ಪ್ರವಾದಿ ವಚನವು ಸಹೀಹ್ ಮುಸ್ಲಿಮ್‌ನಲ್ಲಿದೆ. ಇಲ್ಲಿ ಅತಿಥಿಯ ಹಾಸಿಗೆ ಅಗತ್ಯಗಳ ಲೆಕ್ಕದಲ್ಲಿಯೇ ಬಂದಿರುವುದನ್ನು ಗಮನಿಸಬೇಕು. ಯಾರೂ ಬಳಸದ, ತೋರಿಕೆಗಾಗಿ ಮಾತ್ರ ಇರುವ ವಸ್ತುವೇ ಆ ನಾಲ್ಕನೆಯ ಹಾಸಿಗೆ.

ಈಗ ಅಮ್ಮಿ ಸೋಫಾದ ತುದಿಯಲ್ಲಿ ಕೂರುತ್ತಾರೆ. ಟೀಪಾಯಿಯ ಮೇಲೆ ದಸ್ತರ್‌ಖಾನ್ ಹಾಸುತ್ತೇವೆ. ಎದುರಿಗೆ ಮಕ್ಕಳು ದಿಂಬಿನ ಮೇಲೆ ಕೂರುತ್ತಾರೆ. ಅಮ್ಮಿಯ ಕೈ ಮತ್ತೆ ಮೊಮ್ಮಕ್ಕಳ ತಟ್ಟೆಯನ್ನು ಮುಟ್ಟುತ್ತದೆ. ರೊಟ್ಟಿಯ ಒಳ್ಳೆಯ ತುಂಡು ಯಾರಿಗೆ ಹೋಗಬೇಕೆಂಬ ತೀರ್ಮಾನ ಪುನಃ ಅವರದಾಗಿದೆ. ಬೇವಿನ ಹಲಗೆಯ ಮೇಲೆ ಕಪ್ಪಿನ ಎರಡು ದುಂಡನೆಯ ಕಲೆಗಳು ಆಗಲೇ ಬಿದ್ದಿವೆ. ಅವುಗಳಲ್ಲೊಂದು ಬಬಲೇಶ್ವರದ ಗೌಡರ ಕಪ್ಪಿನದು.

ಸಹೋದರ ಸಹೋದರಿಯರೇ, ಮನೆಗೆ ಏನನ್ನಾದರೂ ಕೊಳ್ಳುವಾಗ ಖಾಲಿ ಕೋಣೆಯ ಚಿತ್ರವನ್ನು ನೋಡಿ ಆರಿಸಬೇಡಿರಿ. ಅಲ್ಲಿ ಕೂರಲಿರುವ ತಾಯಿಯನ್ನು, ಓಡಾಡಲಿರುವ ಮಗುವನ್ನು, ದೂರದಿಂದ ಬರಲಿರುವ ಅತಿಥಿಯನ್ನು ಕಣ್ಣ ಮುಂದೆ ತಂದುಕೊಂಡು ಆರಿಸಿರಿ. ನಮ್ಮ ಮನೆಗಳನ್ನು ಅಲ್ಲಾಹನು ಅತಿಥಿಗಳಿಂದಲೂ, ಅವರ ಮುಂದಿಡುವ ಹಲಾಲ್ ಅನ್ನದಿಂದಲೂ ತುಂಬಿರಿಸಲಿ. ಆಮೀನ್.