ಜೋಕಾಲಿ ಹಗ್ಗ, ಹ್ಯಾಮಕ್ ಪಟ್ಟಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ಪೂರ್ತಿ ನಂದೇ. ಹಗ್ಗದ್ದಲ್ಲ, ಮಾವಿನಮರದ್ದಲ್ಲ, ಅಪ್ಪನದ್ದಂತೂ ಅಲ್ಲವೇ ಅಲ್ಲ.

ಟ್ರೆಕ್ಕಿಂಗ್ ಹೋದಾಗ ಎರಡು ಮರದ ನಡುವೆ ಕಟ್ಟಿಕೊಂಡು ಮಲಗಬಹುದು ಅಂತ ಒಂದು ಹ್ಯಾಮಕ್ ತಗೊಂಡಿದ್ದೆ. ಟ್ರೆಕ್ಕಿಂಗ್ ಎಲ್ಲಿ ಬಂತು, ಆಫೀಸಿನ ರಿಲೀಸುಗಳ ಗಲಾಟೆಯಲ್ಲಿ ಅದು ಆರು ತಿಂಗಳು ಬೀರುವಿನಲ್ಲೇ ಮಲಗಿತ್ತು. ಕೊನೆಗೆ ಏಪ್ರಿಲ್‌ನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಹೋದಾಗ, ಹಿತ್ತಲಿನ ಹಲಸಿಗೂ ಮಾವಿಗೂ ನಡುವೆ ಕಟ್ಟಿದೆ. ಅದರ ಜೊತೆ ಬಂದ ಹಗ್ಗ ಹಲಸಿನ ಬುಡಕ್ಕೆ ಒಂದು ಸುತ್ತೂ ಬರಲಿಲ್ಲ. ಅಟ್ಟದಿಂದ ಪೆನ್ಸಿಲ್ ಗಾತ್ರದ ನೀಲಿ ಪ್ಲಾಸ್ಟಿಕ್ ಹಗ್ಗ ಇಳಿಸಿದೆ. ಎರಡು ವರ್ಷ ಅಕ್ಕನ ಮಕ್ಕಳಿಗೆ ಜೋಕಾಲಿ ಹಾಕಿದ್ದು ಅದರಲ್ಲೇ. ಮಕ್ಕಳೇನು, ಭಾವನೂ ಕೂತು ಜೀಕಿದ್ದರು. ಜೋಕಾಲಿ ತಡೆದ ಹಗ್ಗ ಇದನ್ನ ತಡೆಯಲ್ವಾ?

"ಮರಕ್ಕೆ ಗೋಣಿತಾಟು ಸುತ್ತಿ ಕಟ್ಟು ಮಾರಾಯ, ಸಿಪ್ಪೆ ಕೊಯ್ದುಹೋಗುತ್ತೆ" ಅಂದ ಅಪ್ಪ. ನಾನು ಕೇಳಲಿಲ್ಲ. ಮಲಗಿದರೆ ಬೆನ್ನು ಬಾಳೆಹಣ್ಣಿನ ಹಾಗೆ ಬಾಗಬಾರದು ಅಂತ, ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿಯಾಗಿ ಎಳೆದು ಕಟ್ಟಿದೆ. ಎರಡು ದಿನ ನಾನೇ ಮಲಗಿದೆ, ಏನೂ ಆಗಲಿಲ್ಲ. ಮೂರನೇ ದಿನ ಊಟ ಆದ್ಮೇಲೆ "ನೋಡೋಣ ತಡಿ, ಏನಿದು ನಿನ್ನ ತೊಟ್ಟಿಲು" ಅಂತ ಅಪ್ಪ ಬಂದು ಕೂತ. ಟಪ್ ಅಂತ ಒಂದೇ ಸದ್ದು. ಬೆನ್ನಡಿಯಾಗಿ ಬಿದ್ದ, ಕೆಳಗೆ ಹಲಸಿನ ಬೇರು.

ಎಕ್ಸ್‌ರೇಯಲ್ಲಿ ಮುರಿತ ಏನೂ ಇರಲಿಲ್ಲ. ಆದರೆ ಹದಿನೈದು ದಿನ ಅಪ್ಪ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಿದ್ದನ್ನ ನೋಡಿದ್ದೀನಿ. ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಟಪ್ ಸದ್ದು ಕಿವಿಯಲ್ಲೇ ಇತ್ತು.

ಒಂದು ರಾತ್ರಿ ನಿದ್ದೆ ಬರದೆ ಕಾಗದ ತಗೊಂಡು ಕೂತೆ. ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಲಾಮಿಯ ಪ್ರಮೇಯ ಅಂತ ಉರುಹೊಡೆದಿದ್ವಲ್ಲ, ಅದೇ ಲೆಕ್ಕ. ಜೋಕಾಲಿಯ ಹಗ್ಗಗಳು ನೇರ ಕೆಳಗಿಳಿಯುತ್ತವೆ. 70 ಕೆಜಿ ಮನುಷ್ಯ ಸುಮ್ಮನೆ ಕೂತರೆ ತಲಾ 35. ಹ್ಯಾಮಕ್ಕಿನ ಹಗ್ಗ ಓರೆ. ನೆಲದ ಮಟ್ಟಕ್ಕೆ 30 ಡಿಗ್ರಿ ಇಳಿಜಾರಿದ್ದರೆ ಪ್ರತಿ ಬದಿಗೂ ಪೂರ್ತಿ 70 ಕೆಜಿ ಎಳೆತ. 10 ಡಿಗ್ರಿಗೆ ಬಿಗಿದರೆ 200. 5 ಡಿಗ್ರಿಗೆ ಬಿಗಿದರೆ 400! ಇದರ ಮೇಲೆ, ಬಿಸಿಲಿಗೆ ಬೆಂದ ಪ್ಲಾಸ್ಟಿಕ್ಕು, ಗಂಟು ಹಾಕಿದ ಕಡೆ ಇನ್ನಷ್ಟು ಕಮ್ಮಿಯಾಗುವ ಬಲ, ಅಪ್ಪ ಧೊಪ್ ಅಂತ ಕೂತ ರಭಸ. ಪರೀಕ್ಷೆಯಲ್ಲಿ ಇದೇ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ ನಾನು :-(

ಆಮೇಲೆ ಪಟ್ಟಿ ಹುಡುಕೋಕೆ ಶುರು ಮಾಡಿದೆ. ಸ್ಕೂಲ್ ಬ್ಯಾಗಿನ ಪಟ್ಟಿಯಂಥದ್ದೇ ನೇಯ್ಗೆ, ಆದರೆ ಪಾಲಿಯೆಸ್ಟರ್ ಬೇಕು. ನೈಲಾನ್ ಗಟ್ಟಿಯೇ, ಆದರೆ ಭಾರಕ್ಕೆ ಹಿಗ್ಗುತ್ತೆ, ಒದ್ದೆಯಾದರೆ ಇನ್ನೂ ಜಾಸ್ತಿ. ರಾತ್ರಿ ಮೊಣಕಾಲೆತ್ತರದಲ್ಲಿ ಮಲಗಿದವನು ಬೆಳಿಗ್ಗೆ ನೆಲ ಮುಟ್ಟಿರ್ತಾನೆ. ಅಗಲ ಕಡೇಪಕ್ಷ ಒಂದು ಇಂಚು. ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯೋದು ತೊಗಟೆಯ ಒಳಪದರದಲ್ಲಿ, ತೆಳು ಹಗ್ಗ ಅದನ್ನೇ ಜಜ್ಜುತ್ತೆ. ಅಪ್ಪ ಹೇಳಿದ ಗೋಣಿತಾಟು ಇದೇ ತಾನೆ? (ಅಡಿಕೆಮರಕ್ಕೆ ಕಟ್ಟುವ ಯೋಚನೆಯನ್ನೇ ಮಾಡಬೇಡಿ. ಸಣಕಲು ಮರ ಬಾಗುತ್ತೆ, ಅದಕ್ಕಾದ ಗಾಯ ಮಾವಿನ ಹಾಗೆ ಮುಚ್ಚಿಕೊಳ್ಳೋದೂ ಇಲ್ಲ.)

ಬಕಲ್ ಇರುವ ಪಟ್ಟಿ ಹಗುರ, ಬೇಕಾದಷ್ಟೇ ಎಳೆದು ಸರಿಮಾಡಬಹುದು. ಉದ್ದಕ್ಕೂ ಕುಣಿಕೆ ಹೊಲಿದ ಪಟ್ಟಿ ಸ್ವಲ್ಪ ದಪ್ಪ, ಕುಣಿಕೆಯಿಂದ ಕುಣಿಕೆಗೆ ಅರ್ಧ ಗೇಣು ಅಂತರ, ನಡುವೆ ನಿಲ್ಲಿಸೋಕಾಗಲ್ಲ. ಆದರೂ ನಾನು ತಗೊಂಡಿದ್ದು ಕುಣಿಕೆಯದ್ದು. ಬಕಲ್ ಜಾರಿದೆಯಾ ಅಂತ ಊರಲ್ಲಿ ದಿನಾ ನೋಡೋರು ಯಾರು? ಕುಣಿಕೆಗಾದರೆ ಕೊಕ್ಕೆ ಸಿಕ್ಕಿಸಿದರೆ ಮುಗೀತು, ಗಂಟೇ ಇಲ್ಲ. ಆ ಕೊಕ್ಕೆಯೂ ಕೀ ಚೈನಿನದ್ದಲ್ಲ, ಎಷ್ಟು ಭಾರಕ್ಕೆ ಅಂತ ಮೈಮೇಲೆ ಅಚ್ಚು ಹಾಕಿದ್ದು. ಪಟ್ಟಿಯ ಚೀಟಿಯಲ್ಲೂ ಒಂದು ಮೋಸ ಇರುತ್ತೆ ನೋಡಿ. ಕೆಲವರು ದೊಡ್ಡದಾಗಿ ಬರೆಯೋದು ಹರಿಯುವ ಭಾರ. ದಿನಬಳಕೆಗೆ ಹೇರಬಹುದಾದ ಭಾರ ಅದರ ಒಂದು ಪಾಲು ಅಷ್ಟೆ.

ಹಲಸಿನ ಸುತ್ತಳತೆ ಏಳು ಅಡಿ. ಅಮ್ಮ ಸೀರೆಯ ಅಂಚು ಸುತ್ತಿ, ಅದನ್ನ ಮೊಳದಲ್ಲಿ ಅಳೆದು ಫೋನಿನಲ್ಲಿ ಹೇಳಿದ್ದು. ಹತ್ತಡಿ ಪಟ್ಟಿ ಸುತ್ತಿದರೆ ಉಳಿಯೋದು ಮೂರೇ ಅಡಿ, ಹಾಗಾಗಿ ಆ ಬದಿಗೆ ಇನ್ನೊಂದು ಜೋಡಿಸಬೇಕಾಯ್ತು.

ದೀಪಾವಳಿಗೆ ಹೋದಾಗ ಕಟ್ಟಿದೆ. ಮಾವಿನಮರದಲ್ಲಿ ಹಳೇ ಹಗ್ಗದ ಗೆರೆ ಇನ್ನೂ ಇತ್ತು, ಅಂಟು ಒಣಗಿ ಕಪ್ಪಾಗಿತ್ತು. ಅದಕ್ಕಿಂತ ಒಂದು ಮೊಳ ಮೇಲೆ ಪಟ್ಟಿ ಸುತ್ತಿದೆ. ಈ ಸಲ ಸಡಿಲವಾಗಿ, 30 ಡಿಗ್ರಿಗೆ. ನಡುಭಾಗ ಕುರ್ಚಿಯಷ್ಟೇ ಎತ್ತರ, ಕೆಳಗೆ ಬೇರು ಸಿಗದ ಜಾಗ. ಸಡಿಲ ಇದ್ದರೂ ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ನೆಟ್ಟಗೇ ಇರುತ್ತೆ ಅಂತ ಆಗಲೇ ಗೊತ್ತಾಗಿದ್ದು. ಬಿಗಿದು ಕಟ್ಟುವ ಅಗತ್ಯವೇ ಇರಲಿಲ್ಲ ನೋಡಿ.

ಅಪ್ಪ ಜಗುಲಿಯಿಂದಲೇ ನೋಡಿದ. "ನೀನೇ ಮಲಗು, ನಂಗೆ ಚಾಪೆ ಸಾಕು" ಅಂದ. ನಾನು ಒತ್ತಾಯ ಮಾಡಲಿಲ್ಲ.

ಮೊನ್ನೆ ಅಮ್ಮ ಫೋನ್ ಮಾಡಿದ್ದಳು. ಮಧ್ಯಾಹ್ನ ಯಾರೂ ಇಲ್ಲದಾಗ ಅಪ್ಪ ಹಿತ್ತಲಿಗೆ ಹೋಗಿ, ಎರಡೂ ಕೈಯಲ್ಲಿ ಹ್ಯಾಮಕ್ಕನ್ನ ಒತ್ತಿ ಒತ್ತಿ ನೋಡ್ತಾ ಇದ್ದನಂತೆ.